ಕ್ಯಾಮ್‌ಶಾಫ್ಟ್ ತೆಗೆದ ಮೇಲೆ: ನೂರು ಸಿಸಿ ಹೆಡ್‌ನಲ್ಲಿ ವಿದ್ಯುತ್ಕಾಂತದಿಂದ ವಾಲ್ವ್ ಆಡಿಸುವ ಪ್ರಯೋಗ

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ (ಸಿಲಿಂಡರಿಗೆ ಗಾಳಿಯನ್ನು ಬಿಡುವ, ಸುಟ್ಟ ಅನಿಲವನ್ನು ಹೊರಹಾಕುವ ಕವಾಟ) ಯಾವಾಗ ತೆರೆಯಬೇಕು, ಎಷ್ಟು ಇಳಿಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಕ್ಯಾಮ್‌ಶಾಫ್ಟ್ ಎಂಬ ತಿರುಗುವ ದಂಡದ ಮೇಲಿನ ಉಬ್ಬು (ಕ್ಯಾಮ್) ನಿರ್ಧರಿಸುತ್ತದೆ. ಆ ಉಬ್ಬನ್ನು ಕಾರ್ಖಾನೆಯಲ್ಲಿ ಒಮ್ಮೆ ಕಡೆದುಬಿಟ್ಟರೆ ಎಂಜಿನ್ನಿನ ಆಯುಷ್ಯ ಮುಗಿಯುವ ತನಕ ಅದೇ ನಿಯಮ. ನಿಧಾನದ ಓಟಕ್ಕೆ ಒಗ್ಗುವ ಟೈಮಿಂಗ್ ವೇಗದ ಓಟದಲ್ಲಿ ಉಸಿರು ಕಟ್ಟಿಸುತ್ತದೆ, ವೇಗಕ್ಕೆಂದು ಕಡೆದ ಕ್ಯಾಮ್ ಐಡ್ಲಿಂಗ್‌ನಲ್ಲಿ ಎಂಜಿನ್ನನ್ನು ಕುಂಟಿಸುತ್ತದೆ. ಕ್ಯಾಮನ್ನೇ ತೆಗೆದುಹಾಕಿ ಪ್ರತಿ ವಾಲ್ವಿಗೂ ಅದರದೇ ಚಾಲಕವನ್ನು ಕೊಟ್ಟರೆ ಈ ರಾಜಿಯ ಅಗತ್ಯವೇ ಇರುವುದಿಲ್ಲ. ಗಾಳಿಯ ದಾರಿಯನ್ನು ಕಿರಿದು ಮಾಡುವ ಥ್ರಾಟಲ್ ತಟ್ಟೆಯಿಲ್ಲದೆ ವಾಲ್ವಿನಿಂದಲೇ ಗಾಳಿಯನ್ನು ಅಳೆದು ಬಿಡಬಹುದು, ಬೇಡವಾದಾಗ ಒಂದು ಸಿಲಿಂಡರನ್ನು ಮಲಗಿಸಬಹುದು. ಕಾಗದದ ಮೇಲೆ ಇಷ್ಟು ಚೆನ್ನಾಗಿ ಕಾಣುವ ವ್ಯವಸ್ಥೆ ರಸ್ತೆಯ ಮೇಲಿನ ವಾಹನಗಳಲ್ಲಿ ಏಕೆ ಇಲ್ಲ ಎಂಬುದನ್ನು ಕೈಯಿಂದಲೇ ಮಾಡಿ ನೋಡುವ ಉದ್ದೇಶದಿಂದ ಪೀಣ್ಯದ ಒಂದು ಸಣ್ಣ ಲೇತ್ ಶೆಡ್ಡಿನಲ್ಲಿ ಕಟ್ಟಿದ ಬೆಂಚ್ ರಿಗ್‌ನ ದಾಖಲೆ ಇದು. ಇದು ಓಡುವ ಎಂಜಿನ್ ಅಲ್ಲ. ಪಿಸ್ಟನ್ ಇಲ್ಲ, ಪೆಟ್ರೋಲ್ ಇಲ್ಲ, ಸಿಲಿಂಡರಿನ ಒತ್ತಡದ ಬದಲಿಗೆ ಕಂಪ್ರೆಸರಿನ ಗಾಳಿ.

ಹೆಡ್ ಮತ್ತು ಮೊದಲ ಅಳತೆ

ಆಯ್ದುಕೊಂಡದ್ದು ಹೀರೋ ಹೋಂಡಾ ಸ್ಪ್ಲೆಂಡರಿನ 97.2 ಸಿಸಿ ಎಂಜಿನ್ನಿನ ಹಳೆಯ ಹೆಡ್ (ವಾಲ್ವುಗಳಿರುವ, ಸಿಲಿಂಡರಿನ ಮೇಲ್ಮುಚ್ಚಳ). ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತದೆ, ಎರಡೇ ವಾಲ್ವ್, ಒಂದೇ ಕ್ಯಾಮ್‌ಶಾಫ್ಟ್, ಚೈನಿನಿಂದ ತಿರುಗುವ ಸರಳ ಓವರ್‌ಹೆಡ್ ಜೋಡಣೆ. ಹಳೆಯ ಬುಲೆಟ್ಟಿನ ಹೆಡ್ ತರಬಹುದಿತ್ತು, ಆದರೆ ಅಲ್ಲಿ ಕ್ಯಾಮ್ ಕೆಳಗೆ ಕ್ರ್ಯಾಂಕ್‌ಕೇಸಿನಲ್ಲಿದ್ದು ಪುಷ್‌ರಾಡ್ ಎಂಬ ಉದ್ದ ಕಡ್ಡಿಯ ಮೂಲಕ ರಾಕರನ್ನು (ವಾಲ್ವನ್ನು ಒತ್ತುವ ಸನ್ನೆಯನ್ನು) ತಳ್ಳುವುದರಿಂದ ಹೆಡ್ಡನ್ನು ಮಾತ್ರ ಮೇಜಿನ ಮೇಲಿಟ್ಟುಕೊಂಡು ಮೂಲ ಚಲನೆಯನ್ನು ಅಳೆಯಲು ಬರುವುದಿಲ್ಲ. (ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾದ ಅಭಿಮಾನಿಯೊಬ್ಬರು ಶೆಡ್ಡಿಗೆ ಬಂದಾಗಲೆಲ್ಲ, ವಾಲ್ವೇ ಇಲ್ಲದ ಟೂ ಸ್ಟ್ರೋಕ್ ಇರುವಾಗ ಇಷ್ಟು ತಾಪತ್ರಯ ಏಕೆ ಎಂದು ಕೇಳುತ್ತಿದ್ದರು. ಹೊಗೆಯ ಮಾತು ಬಿಟ್ಟರೆ ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ.)

ಹೆಡ್ಡನ್ನು ಡೀಸೆಲ್‌ನಲ್ಲಿ ತೊಳೆದು, ಇಂಗಾಲ ಕೆರೆದು, ಎರಡೂ ವಾಲ್ವ್‌ಗಳನ್ನು ಪೇಸ್ಟ್ ಹಚ್ಚಿ ಲ್ಯಾಪ್ ಮಾಡಿ (ಮುಚ್ಚಿದಾಗ ಕೂರುವ ಸೀಟಿಗೆ ಉಜ್ಜಿ ಹೊಂದಿಸಿ), ಪೋರ್ಟಿನೊಳಗೆ ಸೀಮೆಎಣ್ಣೆ ಸುರಿದು ಸೀಟಿನಿಂದ ಜಿನುಗುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಕ್ಯಾಮ್‌ಶಾಫ್ಟನ್ನು ಬಿಚ್ಚುವ ಮೊದಲು ಒಂದು ಕೆಲಸ ಮಾಡಲೇಬೇಕಿತ್ತು: ಮೂಲ ಕ್ಯಾಮ್ ಏನು ಮಾಡುತ್ತಿದೆ ಎಂಬುದನ್ನು ಬರೆದಿಟ್ಟುಕೊಳ್ಳುವುದು. ಕ್ಯಾಮ್ ಸ್ಪ್ರಾಕೆಟ್ಟಿಗೆ ಡಿಗ್ರಿ ಗುರುತಿನ ತಟ್ಟೆಯನ್ನು ಬೋಲ್ಟ್ ಮಾಡಿ, ವಾಲ್ವ್ ರಿಟೇನರಿನ (ಸ್ಪ್ರಿಂಗನ್ನು ವಾಲ್ವಿಗೆ ಹಿಡಿದಿಡುವ ಬಿಲ್ಲೆಯ) ಮೇಲೆ ಡಯಲ್ ಗೇಜಿನ ಮೊನೆಯನ್ನು ಕೂರಿಸಿ, ಕೈಯಿಂದ ನಿಧಾನವಾಗಿ ತಿರುಗಿಸುತ್ತ ಪ್ರತಿ ಡಿಗ್ರಿಗೂ ಮುಳ್ಳನ್ನು ಓದಿದೆವು. ನಮ್ಮ ಹೆಡ್ಡಿನಲ್ಲಿ ಲಿಫ್ಟ್, ಎಂದರೆ ವಾಲ್ವ್ ಸೀಟಿನಿಂದ ಸರಿಯುವ ದೂರ, ಸುಮಾರು 5.5 ಮಿ.ಮೀ. ಬಂತು. ಗಮನ ಸೆಳೆದದ್ದು ಗರಿಷ್ಠ ಲಿಫ್ಟ್ ಅಲ್ಲ, ಮುಚ್ಚುವ ಕೊನೆಯ ಕೆಲವು ಡಿಗ್ರಿಗಳು. ಅಲ್ಲಿ ಡಯಲ್ ಮುಳ್ಳು ಡಿಗ್ರಿಗೆ ಒಂದು ಗೆರೆ, ಎಂದರೆ 0.01 ಮಿ.ಮೀ.ನಷ್ಟು ಮಾತ್ರ ಸರಿಯುತ್ತದೆ. ಕ್ಯಾಮ್ ಕಡೆಯುವವರು ಅದನ್ನು ರ‍್ಯಾಂಪ್ ಎನ್ನುತ್ತಾರೆ. ಎಂಜಿನ್ 6,000 ಆರ್‌ಪಿಎಮ್‌ನಲ್ಲಿ (ನಿಮಿಷಕ್ಕೆ 6,000 ಸುತ್ತು) ಓಡುವಾಗ ಕ್ಯಾಮ್ ಅದರ ಅರ್ಧ ವೇಗದಲ್ಲಿ, ಸೆಕೆಂಡಿಗೆ 18,000 ಡಿಗ್ರಿಯಂತೆ ತಿರುಗುತ್ತದೆ. ಆಗಲೂ ಈ ರ‍್ಯಾಂಪಿನ ಕೃಪೆಯಿಂದ ವಾಲ್ವ್ ಸೀಟನ್ನು ಮುಟ್ಟುವ ವೇಗ ಸೆಕೆಂಡಿಗೆ 0.18 ಮೀಟರ್ ಮಾತ್ರ. ಮುಂದಿನ ಕೆಲಸದಲ್ಲೆಲ್ಲ ನಮ್ಮನ್ನು ಕಾಡಿದ ಅಂಕಿ ಇದೇ.

ಒಂದೇ ಸೊಲೆನಾಯ್ಡ್ ಏಕೆ ಸಾಲದು

ಕ್ಯಾಮ್ ಜಾಗದಲ್ಲಿ ಒಂದು ಸೊಲೆನಾಯ್ಡ್ (ಕರೆಂಟ್ ಹರಿದಾಗ ಕಬ್ಬಿಣವನ್ನು ಸೆಳೆಯುವ ಕಾಯಿಲ್) ಇಟ್ಟು ವಾಲ್ವನ್ನು ತಳ್ಳಿದರಾಯಿತು ಎಂಬುದು ಯಾರಿಗಾದರೂ ಮೊದಲು ಹೊಳೆಯುವ ದಾರಿ. ಲೆಕ್ಕ ಹಾಕಿದರೆ ಅದು ಅಲ್ಲಿಗೇ ನಿಲ್ಲುತ್ತದೆ. ವಿದ್ಯುತ್ಕಾಂತದ ಸೆಳೆತ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಗಾಳಿಯ ಅಂತರದ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ಧ್ರುವಗಳ ಒಟ್ಟು ಮುಖ 4 ಚದರ ಸೆಂ.ಮೀ. ಇರುವ ಕೋರಿನಲ್ಲಿ (ಕಾಯಿಲಿನೊಳಗಿನ ಕಬ್ಬಿಣದಲ್ಲಿ) 1.5 ಟೆಸ್ಲಾ ಕಾಂತಕ್ಷೇತ್ರ ಹುಟ್ಟಿದರೆ ಸುಮಾರು 360 ನ್ಯೂಟನ್ ಸೆಳೆತ ಸಿಗುತ್ತದೆ, ಕಬ್ಬಿಣ ಅದಕ್ಕಿಂತ ಹೆಚ್ಚು ಕೊಡಲು ಒಲ್ಲದು. ಆ ಕ್ಷೇತ್ರವನ್ನು 5 ಮಿ.ಮೀ. ದೂರದ ಆರ್ಮೇಚರ್ ತಟ್ಟೆಯ (ಕಾಂತ ಸೆಳೆಯುವ, ವಾಲ್ವನ್ನು ಆಡಿಸುವ ತಟ್ಟೆಯ) ಮೇಲೆ ಹುಟ್ಟಿಸಬೇಕಾದರೆ 12,000 ಆಂಪಿಯರ್-ಸುತ್ತು ಬೇಕು. ನೂರು ಸುತ್ತಿನ ಕಾಯಿಲಿಗೆ 120 ಆಂಪಿಯರ್. ಅದೇ ತಟ್ಟೆ 0.2 ಮಿ.ಮೀ. ಹತ್ತಿರಕ್ಕೆ ಬಂದಿದ್ದರೆ 5 ಆಂಪಿಯರ್ ಸಾಕು. ದೂರದಲ್ಲಿ ಕೈಲಾಗದ, ಹತ್ತಿರದಲ್ಲಿ ಕೈಮೀರುವ ಸಾಧನವಿದು.

ಆದ್ದರಿಂದ ಎಂಜಿನ್ ಪ್ರಯೋಗಾಲಯಗಳು 1980ರ ದಶಕದಿಂದ ಹಿಡಿದುಕೊಂಡ ಎರಡು ಸ್ಪ್ರಿಂಗ್, ಎರಡು ಕಾಂತಗಳ ವಿನ್ಯಾಸಕ್ಕೇ ನಾವೂ ಬಂದೆವು. ವಾಲ್ವನ್ನು ಮುಚ್ಚಲು ತಳ್ಳುವ ಸ್ಪ್ರಿಂಗ್ ಕೆಳಗೆ, ತೆರೆಯಲು ತಳ್ಳುವ ಸ್ಪ್ರಿಂಗ್ ಮೇಲೆ. ಕರೆಂಟ್ ಇಲ್ಲದಾಗ ವಾಲ್ವ್ ನಡುದಾರಿಯಲ್ಲಿ, ಅರ್ಧ ತೆರೆದು ನಿಲ್ಲುತ್ತದೆ. ಮೇಲಿನ ಕಾಂತ ಆರ್ಮೇಚರನ್ನು ಹಿಡಿದಿದ್ದರೆ ವಾಲ್ವ್ ಮುಚ್ಚಿರುತ್ತದೆ. ಬಿಟ್ಟೊಡನೆ ಸ್ಪ್ರಿಂಗುಗಳ ಶಕ್ತಿಯಿಂದಲೇ ಅದು ಉಯ್ಯಾಲೆಯಂತೆ ಕೆಳಗಿನ ಕೊನೆಯವರೆಗೆ ತೂಗಿಹೋಗುತ್ತದೆ, ಅಲ್ಲಿ ಕೆಳಗಿನ ಕಾಂತ ಹಿಡಿದುಕೊಳ್ಳುತ್ತದೆ. ಕಾಂತಗಳು ಮಾಡಬೇಕಾದ್ದು ಕೊನೆಯ ಕೂದಲೆಳೆಯ ಅಂತರದಲ್ಲಿ ಹಿಡಿಯುವುದು ಮತ್ತು ತಿಕ್ಕಾಟದಲ್ಲಿ ಕಳೆದದ್ದನ್ನು ತುಂಬಿಕೊಡುವುದು ಮಾತ್ರ.

ಚಲಿಸುವ ಭಾಗಗಳ ತೂಕ (ವಾಲ್ವ್, ರಿಟೇನರ್, ಲಾಕ್, ಆರ್ಮೇಚರ್, ಅದರ ದಂಡ) ಒಟ್ಟು 90 ಗ್ರಾಂ. ಮಿ.ಮೀ.ಗೆ 20 ನ್ಯೂಟನ್ ಬಿಗಿಯ ಎರಡು ಸ್ಪ್ರಿಂಗುಗಳನ್ನು ಸುತ್ತಿಸಿದೆವು. ಈ ಜೋಡಿಯ ಸಹಜ ಕಂಪನ ಸೆಕೆಂಡಿಗೆ 106. ಎಂದರೆ ಒಂದು ಕೊನೆಯಿಂದ ಇನ್ನೊಂದಕ್ಕೆ ಹೋಗಲು 4.7 ಮಿಲಿಸೆಕೆಂಡ್. ಎಷ್ಟೇ ಕರೆಂಟ್ ಕೊಟ್ಟರೂ ಈ ಸಮಯ ಹೆಚ್ಚು ಬದಲಾಗುವುದಿಲ್ಲ ಎಂಬುದು ಈ ವಿನ್ಯಾಸದ ಬಲ, ಮಿತಿ ಎರಡೂ ಹೌದು. ಹೋಗಿ ಬರಲು 9.4 ಮಿಲಿಸೆಕೆಂಡ್ ಬೇಕಾದರೆ, ಕ್ರ್ಯಾಂಕಿನ 240 ಡಿಗ್ರಿ ತೆರೆದಿರಬೇಕಾದ ವಾಲ್ವಿಗೆ ಸುಮಾರು 4,250 ಆರ್‌ಪಿಎಮ್‌ನಲ್ಲೇ ಗಡಿ ಬಂತು. ಈ ಬಗೆಯ ಬೈಕುಗಳು ತಮ್ಮ ಪೂರ್ಣ ಶಕ್ತಿಯನ್ನು ಕೊಡುವುದು 8,000 ಆರ್‌ಪಿಎಮ್ ಆಸುಪಾಸಿನಲ್ಲಿ. ಅಲ್ಲಿಗೆ ಮುಟ್ಟಲು ಒಂದು ದಾಟು 2.5 ಮಿಲಿಸೆಕೆಂಡಿಗೆ ಇಳಿಯಬೇಕು, ಅದಕ್ಕೆ ಸ್ಪ್ರಿಂಗ್ ಮೂರೂವರೆ ಪಟ್ಟು ಬಿಗಿಯಾಗಬೇಕು, ಹಿಡಿದಿಡುವ ಬಲ ಕನಿಷ್ಠ 390 ನ್ಯೂಟನ್ನಿಗೆ ಏರಬೇಕು. ನಮ್ಮ ಕೋರು ಕೊಡಬಲ್ಲದ್ದು 360. ಕೋರನ್ನು ಹಿಗ್ಗಿಸಿದರೆ ಆರ್ಮೇಚರ್ ಭಾರವಾಗುತ್ತದೆ, ಭಾರವಾದರೆ ಇನ್ನೂ ಬಿಗಿಯ ಸ್ಪ್ರಿಂಗ್ ಬೇಕು. ಈ ಸುಳಿಯಿಂದ ಹೊರಬರಲು ಆರ್ಮೇಚರನ್ನು ಹಗುರ ಮಾಡುವುದೊಂದೇ ದಾರಿ ಎಂಬುದನ್ನು ಇಲ್ಲಿಗೇ ಗುರುತು ಹಾಕಿಕೊಂಡು, ಸದ್ಯಕ್ಕೆ 4,000 ಆರ್‌ಪಿಎಮ್‌ಗೆ ತೃಪ್ತಿಪಟ್ಟು ಮುಂದುವರಿದೆವು.

ಕಟ್ಟಿದ ಬಗೆ

ಕೋರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಟ್ರಾನ್ಸ್‌ಫಾರ್ಮರ್ ಸ್ಟ್ಯಾಂಪಿಂಗ್ ಬಳಸಿದೆವು. ಗಟ್ಟಿ ಕಬ್ಬಿಣದ ತುಂಡಿನಲ್ಲಿ ಕಾಂತಕ್ಷೇತ್ರ ಬದಲಾದಾಗಲೆಲ್ಲ ಒಳಗೇ ಸುಳಿಗರೆಂಟ್ ಹುಟ್ಟಿ ಕಾಂತ ಮಂದವಾಗುವುದರಿಂದ ಪದರ ಪದರದ ತಗಡೇ ಆಗಬೇಕು. ಆರ್ಮೇಚರ್ ತಟ್ಟೆ ಮೆದು ಉಕ್ಕಿನದು, ಅದಕ್ಕೂ ಇದೇ ಕಾರಣಕ್ಕೆ ಉದ್ದುದ್ದ ಸೀಳು ಹಾಕಿಸಲಾಯಿತು. ದಂಡ ಕಾಂತಕ್ಕೆ ಅಂಟದ ಸ್ಟೇನ್‌ಲೆಸ್ ಸ್ಟೀಲಿನದು. ಧ್ರುವದ ಮೇಲೆ 0.2 ಮಿ.ಮೀ. ಹಿತ್ತಾಳೆ ಶಿಮ್ (ತೆಳು ತಗಡು) ಅಂಟಿಸಿದ್ದೇವೆ. ಕಬ್ಬಿಣಕ್ಕೆ ಕಬ್ಬಿಣ ನೇರ ತಾಗಿದರೆ ಕರೆಂಟ್ ಹೋದ ಮೇಲೂ ಉಳಿಯುವ ಕಾಂತತೆಯಿಂದ ತಟ್ಟೆ ಬಿಡಲು ತಡ ಮಾಡುತ್ತದೆ.

ಆರ್ಮೇಚರಿನ ದಂಡವನ್ನೂ ವಾಲ್ವಿನ ಕಾಂಡವನ್ನೂ ಒಂದೇ ತುಂಡಾಗಿ ಜೋಡಿಸುವುದು ಡ್ರಾಯಿಂಗಿನಲ್ಲಿತ್ತು. ಲೇತ್ ಕೆಲಸ ಮಾಡಿಕೊಟ್ಟ ಹಿರಿಯ ಟರ್ನರ್ ಅದನ್ನು ನೋಡಿದೊಡನೆ ಕೇಳಿದರು: "ಟ್ಯಾಪೆಟ್ ಗ್ಯಾಪ್ ಎಲ್ಲಿ ಬಿಟ್ಟಿದ್ದೀರಾ ಸಾರ್? ಬಿಸಿಯಾದರೆ ವಾಲ್ವ್ ಉದ್ದ ಆಗಲ್ವಾ?" ಟ್ಯಾಪೆಟ್ ಗ್ಯಾಪ್ ಎಂದರೆ ವಾಲ್ವ್ ಹಿಗ್ಗಲು ಬಿಡುವ ಸಣ್ಣ ಸಂದು; ಕ್ಯಾಮ್ ಹೋದರೂ ಉಕ್ಕು ಹಿಗ್ಗುವುದು ನಿಲ್ಲುವುದಿಲ್ಲ. ವಾಲ್ವ್ ಬಿಸಿಯಾಗಿ ಉದ್ದವಾದಾಗ ಆರ್ಮೇಚರ್ ಮೇಲಿನ ಕಾಂತಕ್ಕೆ ತಾಗಿ ನಿಂತಿದ್ದರೆ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ, ಕೂರದಿದ್ದರೆ ಅಂಚು ಸುಡುತ್ತದೆ. ಹಾಗಾಗಿ ಎರಡನ್ನೂ ಬೇರೆ ಬೇರೆ ಮಾಡಿ ನಡುವೆ 0.1 ಮಿ.ಮೀ. ಅಂತರವನ್ನು ಫೀಲರ್ ಗೇಜ್ ಹಾಕಿಯೇ ಹೊಂದಿಸಿದೆವು. ಅದರ ಬೆಲೆಯೂ ಇದೆ: ಮುಚ್ಚಿದ ಸ್ಥಿತಿಯಲ್ಲಿ ಕೆಳಗಿನ ಸ್ಪ್ರಿಂಗಿನ ಆಸರೆ ಆರ್ಮೇಚರಿಗೆ ತಪ್ಪುವುದರಿಂದ ಮೇಲಿನ ಕಾಂತ ಹೊರಬೇಕಾದ ಭಾರ 110 ನ್ಯೂಟನ್ನಿನಿಂದ 155ಕ್ಕೆ ಏರಿತು. ಶಿಮ್ಮಿನ ಅಂತರದಲ್ಲಿ ಅದಕ್ಕೆ 3 ಆಂಪಿಯರ್ ಬೇಕು. ಅರ್ಧ ಓಮಿನ ಕಾಯಿಲಿನಲ್ಲಿ ಅದು ಐದು ವ್ಯಾಟ್ ಶಾಖ. ಒಂದು ವಾಲ್ವಿಗೆ ಪರವಾಗಿಲ್ಲ. 16 ವಾಲ್ವಿನ ಕಾರಿಗೆ ಬರೀ ಹಿಡಿದಿಡುವುದಕ್ಕೇ 75 ವ್ಯಾಟಿನ ಮೇಲೆ ಹೋಗುತ್ತದೆ.

ಚಾಲಕ ಸರ್ಕ್ಯೂಟಿನಲ್ಲಿ ಒಂದು ಅಂಶವನ್ನು ವಿವರಿಸದೆ ಮುಂದೆ ಹೋಗಲಾಗದು. ಕಾಯಿಲಿಗೆ ಅಡ್ಡಲಾಗಿ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿ, ಮಾಸ್‌ಫೆಟ್ ಎಂಬ ಒಂದು ಎಲೆಕ್ಟ್ರಾನಿಕ್ ಸ್ವಿಚ್‌ನಿಂದ ಕರೆಂಟ್ ಹಚ್ಚಿ ಆರಿಸುವುದು ರಿಲೇಗಳಿಗೆ ಒಪ್ಪುವ ರೂಢಿ. ನಮ್ಮ ಕಾಯಿಲಿನ ಇಂಡಕ್ಟೆನ್ಸ್ (ಕರೆಂಟ್ ತಟ್ಟನೆ ಬದಲಾಗದಂತೆ ತಡೆಯುವ ಗುಣ) ತಟ್ಟೆ ಹತ್ತಿರವಿದ್ದಾಗ ಸುಮಾರು 6 ಮಿಲಿಹೆನ್ರಿ, ಈ ರೂಢಿಯಂತೆ ಹೋದರೆ ಸ್ವಿಚ್ ಆರಿಸಿದ ಮೇಲೂ ಕರೆಂಟ್ ಹತ್ತು ಮಿಲಿಸೆಕೆಂಡಿಗೂ ಹೆಚ್ಚು ಕಾಲ ಡಯೋಡಿನಲ್ಲಿ ಸುತ್ತುತ್ತಿರುತ್ತದೆ. ಅಷ್ಟರಲ್ಲಿ ವಾಲ್ವ್ ಹೋಗಿ ಬಂದಿರಬೇಕಾಗಿತ್ತು. ಕಾಯಿಲಿನ ಎರಡೂ ತುದಿಗೆ ಒಂದೊಂದು ಮಾಸ್‌ಫೆಟ್, ಅಡ್ಡಲಾಗಿ ಎರಡು ಡಯೋಡ್ ಇಟ್ಟರೆ ಆರಿಸಿದ ಕ್ಷಣದಲ್ಲಿ ಕಾಯಿಲಿಗೆ ಪೂರೈಕೆಯ 48 ವೋಲ್ಟ್ ತಿರುಗುಮುರುಗಾಗಿ ಬೀಳುತ್ತದೆ, ಕರೆಂಟ್ 0.4 ಮಿಲಿಸೆಕೆಂಡಿನಲ್ಲಿ ಸೊನ್ನೆಗಿಳಿಯುತ್ತದೆ, ಕಾಂತದಲ್ಲಿದ್ದ ಶಕ್ತಿಯೂ ಕೆಪಾಸಿಟರಿಗೆ ಮರಳುತ್ತದೆ. ಹಿಡಿಯುವ ಹೊತ್ತಿಗೆ 15 ಆಂಪಿಯರ್ ತನಕ, ಹಿಡಿದ ಮೇಲೆ 3 ಆಂಪಿಯರ್. ಆರ್ಮೇಚರಿನ ತಲೆಯ ಮೇಲೆ ಒಂದು ಪುಟ್ಟ ಆಯಸ್ಕಾಂತ, ಎದುರಿಗೆ ಅದರ ಕಾಂತಕ್ಷೇತ್ರದಿಂದ ಸ್ಥಾನವನ್ನು ಅಳೆಯುವ ಲೀನಿಯರ್ ಹಾಲ್ ಸೆನ್ಸರ್. ಅದನ್ನು ಮೈಕ್ರೋಕಂಟ್ರೋಲರ್ ಸೆಕೆಂಡಿಗೆ 20,000 ಸಲ ಓದುತ್ತದೆ. ಇದೇ ಸೆನ್ಸರನ್ನು ಡಯಲ್ ಗೇಜಿನ ಜೊತೆ ಹೋಲಿಸಿ ಪಟ್ಟಿ ಮಾಡಿಕೊಳ್ಳದೆ ಯಾವ ವೇಗದ ಅಂಕಿಯನ್ನೂ ನಂಬಬಾರದು.

ಶುರು ಮಾಡುವುದೇ ಒಂದು ವಿಧಾನ. ನಡುವೆ ನಿಂತ ಆರ್ಮೇಚರನ್ನು ಯಾವ ಕಾಂತವೂ ಒಂದೇ ಏಟಿಗೆ ಸೆಳೆಯಲಾರದು. ಆದ್ದರಿಂದ ಮೇಲಿನ, ಕೆಳಗಿನ ಕಾಯಿಲುಗಳಿಗೆ ಸರದಿಯಂತೆ ಸೆಕೆಂಡಿಗೆ 106ರ ಲಯದಲ್ಲಿ ಸಣ್ಣ ಏಟುಗಳನ್ನು ಕೊಡಬೇಕು. ಮೊದಲು ಏನೂ ಆಗುತ್ತಿಲ್ಲವೆನಿಸುತ್ತದೆ, ಆಮೇಲೆ ಹೆಡ್ಡಿನಿಂದ ಗುಂಯ್ ಎಂಬ ಸದ್ದು ಏಳುತ್ತ ಹೋಗಿ ಮೇಜೂ ನಡುಗತೊಡಗುತ್ತದೆ, ತೂಗು ಹಿಗ್ಗಿ ಹಿಗ್ಗಿ ಕಡೆಗೆ ಟಕ್ ಎಂದು ಮೇಲಿನ ಕಾಂತ ಹಿಡಿಯುತ್ತದೆ. ನಿಜವಾದ ಎಂಜಿನ್ನಿನಲ್ಲಿ ಈ ಅರ್ಧ ತೆರೆದ ವಾಲ್ವುಗಳಿಗೆ ಪಿಸ್ಟನ್ ತಾಗದಂತೆ ಜಾಗ ಕೊಡಬೇಕಾಗುತ್ತದೆ ಎಂಬುದನ್ನೂ ಇಲ್ಲೇ ಹೇಳಬೇಕು.

ಕೂರುವ ವೇಗ

ನಿಗದಿತ ಕ್ಷಣದಲ್ಲಿ ನಿಗದಿತ ಕರೆಂಟ್ ಎಂಬ ಸರಳ ಪ್ರೋಗ್ರಾಮಿನಲ್ಲಿ ವಾಲ್ವ್ ಚೆನ್ನಾಗಿಯೇ ಓಡಿತು. ತೆರೆಯುವ ಮುಚ್ಚುವ ಕ್ಷಣಗಳನ್ನು ಕೀಲಿಮಣೆಯಲ್ಲಿ ಅಂಕಿ ಬದಲಿಸಿ ಹಿಂದುಮುಂದು ಮಾಡುವುದು, ನಾಲ್ಕರಲ್ಲಿ ಒಂದು ಸಲ ತೆರೆಯದೆ ಬಿಡುವುದು, ಇವೆಲ್ಲ ಕ್ಯಾಮ್ ಕಡೆದು ಬೆಳೆದವರಿಗೆ ಮಾಯೆಯಂತೆ ಕಾಣಬಹುದು. ಆದರೆ ಸದ್ದು ಕಿವಿಗಡಚಿಕ್ಕುವಂತಿತ್ತು. ಸೆನ್ಸರ್ ತೋರಿಸಿದ ಕೂರುವ ವೇಗ ಸೆಕೆಂಡಿಗೆ 0.8ರಿಂದ 1 ಮೀಟರ್, ಮೂಲ ಕ್ಯಾಮ್ 6,000 ಆರ್‌ಪಿಎಮ್‌ನಲ್ಲಿ ಕೂರಿಸುವುದರ ಐದು ಪಟ್ಟು. ಸ್ವಲ್ಪ ಓಡಿಸಿ ಬಿಚ್ಚಿ ನೋಡಿದಾಗ ವಾಲ್ವಿನ ಮುಖದಲ್ಲಿ ಲ್ಯಾಪಿಂಗ್‌ನ ಮಂಕು ಉಂಗುರ ಹೋಗಿ, ಒಂದು ಬದಿಗೆ ಅಗಲವಾದ ಹೊಳಪಿನ ಪಟ್ಟಿ ಮೂಡಿತ್ತು. ಬಡಿತಕ್ಕೆ ಲೋಹ ಚಪ್ಪಟೆಯಾಗಿ ಹರಡುತ್ತಿದೆ ಎಂಬುದಕ್ಕೆ ಅದು ಸಾಕ್ಷಿ.

ತಟ್ಟೆ ಕಾಂತಕ್ಕೆ ಹತ್ತಿರವಾದಷ್ಟೂ ಸೆಳೆತ ಸಿಡಿದೇಳುತ್ತದೆ, ಸೆಳೆತ ಏರಿದಷ್ಟೂ ತಟ್ಟೆ ಇನ್ನೂ ಬೇಗ ಹತ್ತಿರವಾಗುತ್ತದೆ. ಕರೆಂಟ್ ಸ್ವಲ್ಪ ಕಡಿಮೆ ಮಾಡಿದರೆ ಹಿಡಿಯುವುದೇ ಇಲ್ಲ, ಸ್ವಲ್ಪ ಹೆಚ್ಚಾದರೆ ಬಡಿಯುತ್ತದೆ; ನಡುವಿನ ಕಿರಿದಾದ ಹಾದಿ ಎಣ್ಣೆ ಬಿಸಿಯಾದರೆ ಒಂದು ಕಡೆ, ತಣ್ಣಗಾದರೆ ಇನ್ನೊಂದು ಕಡೆ ಸರಿಯುತ್ತದೆ. ಕೊನೆಯ 1 ಮಿ.ಮೀ.ನಲ್ಲಿ ಕರೆಂಟನ್ನು ಕಡಿದು, 0.3 ಮಿ.ಮೀ.ನಲ್ಲಿ ಮತ್ತೆ ಸಣ್ಣ ಏಟು ಕೊಡುವ ಕ್ರಮ ಮಾಡಿದಾಗ ಸದ್ದು ಇಳಿಯಿತು. ಧ್ರುವಕ್ಕೆ ತೆಳು ತಂತಿಯ ಹತ್ತು ಸುತ್ತು ಸುತ್ತಿ, ಅದರ ವೋಲ್ಟೇಜಿನಿಂದ ಕಾಂತಪ್ರವಾಹವನ್ನೇ ಅಂದಾಜು ಮಾಡಿ ನಿಯಂತ್ರಿಸಿದಾಗ ಇನ್ನೂ ಉತ್ತಮವಾಯಿತು: ಒಳ್ಳೆಯ ಏಟುಗಳು 0.15 ಮೀಟರಿಗೆ ಬಂದವು. ಆದರೆ ನಡುನಡುವೆ 0.4 ಮೀಟರಿನ ಏಟೂ ಬೀಳುತ್ತಲೇ ಇತ್ತು. ಎಂಜಿನ್ನಿನ ಆಯುಷ್ಯಕ್ಕೆ ಸರಾಸರಿಯಿಂದ ಪ್ರಯೋಜನವಿಲ್ಲ, ಕೋಟಿಗಟ್ಟಲೆ ಸಲದಲ್ಲಿ ಒಂದೊಂದೂ ಹದವಾಗಿರಬೇಕು. ಕಬ್ಬಿಣದಲ್ಲಿ ಕಡೆದ ಆ ರ‍್ಯಾಂಪ್ ಸೆನ್ಸರಿಲ್ಲದೆ, ಪ್ರೋಗ್ರಾಮಿಲ್ಲದೆ ಅದನ್ನು ಮಾಡುತ್ತಿತ್ತು.

ಎಕ್ಸಾಸ್ಟ್ ಬದಿ

ಇನ್‌ಲೆಟ್ (ಗಾಳಿ ಒಳಬರುವ) ಬದಿಯ ಈವರೆಗಿನ ತೊಂದರೆ ನಾಜೂಕಿನದಾದರೆ ಎಕ್ಸಾಸ್ಟ್ (ಸುಟ್ಟ ಅನಿಲ ಹೊರಹೋಗುವ) ಬದಿಯದು ಬರೀ ಬಲದ್ದು. ದಹನವಾದ ಅನಿಲ ಇನ್ನೂ ಕೆಲವು ಬಾರ್ ಒತ್ತಡದಲ್ಲಿರುವಾಗಲೇ ಎಕ್ಸಾಸ್ಟ್ ವಾಲ್ವ್ ತೆರೆಯಬೇಕು. ಹೆಡ್ಡಿನ ಕೆಳಗೆ 12 ಮಿ.ಮೀ. ಉಕ್ಕಿನ ತಟ್ಟೆಯನ್ನು ಗ್ಯಾಸ್ಕೆಟ್ ಸಮೇತ ಬಿಗಿದು, ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಕಂಪ್ರೆಸರ್ ಗಾಳಿ ತುಂಬಿದೆವು. ಸುಮಾರು 20 ಮಿ.ಮೀ. ವ್ಯಾಸದ ವಾಲ್ವಿನ ಮೇಲೆ 4 ಬಾರ್ ಎಂದರೆ 126 ನ್ಯೂಟನ್. ತೆರೆಯಲು ನಮ್ಮ ಸ್ಪ್ರಿಂಗುಗಳ ನೂಕು 110. ಕಾಂತ ಬಿಟ್ಟಿತು, ವಾಲ್ವ್ ಕದಲಲಿಲ್ಲ. 2 ಬಾರ್‌ಗೆ ಇಳಿಸಿದಾಗ ತೆರೆಯಿತು, ಆದರೆ ಗಾಳಿಯನ್ನು ಎದುರಿಸುವುದರಲ್ಲೇ ತೂಗಿನ ಶಕ್ತಿ ಸೋರಿಹೋಗಿ ಕೆಳಗಿನ ಕಾಂತಕ್ಕೆ ಸುಮಾರು 1 ಮಿ.ಮೀ. ಇರುವಾಗಲೇ ಹಿಂದಿರುಗತೊಡಗಿತು, ಕೆಳಗಿನ ಕಾಯಿಲಿಗೆ 15 ಆಂಪಿಯರನ್ನು ಬೇಗನೆ ಹರಿಸಿ ಮಾತ್ರ ಅದನ್ನು ಹಿಡಿಯಲು ಸಾಧ್ಯವಾಯಿತು. ಎಂಜಿನ್ನಿನಲ್ಲಿ ಈ ಒತ್ತಡ ಆಕ್ಸಿಲರೇಟರ್ ಎಷ್ಟು ತಿರುಗಿಸಿದ್ದೀರಿ ಎಂಬುದರ ಮೇಲೆ ಒಂದೊಂದು ಸ್ಟ್ರೋಕಿಗೂ ಬದಲಾಗುತ್ತದೆ, ಅದನ್ನು ಮೊದಲೇ ಊಹಿಸಿ ಕರೆಂಟ್ ಕೊಡಬೇಕು.

ಇದನ್ನು ಕಂಡ ಮೇಲೆ ಯಶಸ್ವಿಯಾದ ಕ್ಯಾಮ್‌ರಹಿತ ಎಂಜಿನ್ನುಗಳು ಏಕೆ ಎಣ್ಣೆಯ ಒತ್ತಡವನ್ನೋ ಗಾಳಿಯನ್ನೋ ಆಶ್ರಯಿಸಿವೆ ಎಂಬುದು ಸ್ಪಷ್ಟವಾಗುತ್ತದೆ. ಕ್ಯಾಮ್ ಇಲ್ಲದ ಎಂಜಿನ್ ಇನ್ನೂ ಬರಬೇಕಾದ ತಂತ್ರಜ್ಞಾನ ಎನ್ನುವವರು ಸಮುದ್ರದ ಕಡೆ ನೋಡಿಲ್ಲ. 2001ರಲ್ಲಿ ಸುಲ್ಜರ್ ಆರ್‌ಟಿ-ಫ್ಲೆಕ್ಸ್ ಎಂಜಿನ್ ಹೊತ್ತ ಜಿಪ್ಸಮ್ ಸೆಂಟೆನಿಯಲ್ ಹಡಗು ಸೇವೆಗೆ ಇಳಿದಾಗಿನಿಂದ, ಜೊತೆಗೆ ಮ್ಯಾನ್ ಕಂಪನಿಯ ಎಂಇ ಶ್ರೇಣಿ ಬಂದ ಮೇಲೆ, ದೊಡ್ಡ ಹಡಗುಗಳ ಟೂ ಸ್ಟ್ರೋಕ್ ಡೀಸೆಲ್‌ಗಳಲ್ಲಿ ಎಕ್ಸಾಸ್ಟ್ ವಾಲ್ವನ್ನು ಕಂಪ್ಯೂಟರ್ ಆಜ್ಞೆಯಂತೆ ಹೈಡ್ರಾಲಿಕ್ ಎಣ್ಣೆ ತೆರೆಯುತ್ತದೆ, ಗಾಳಿಯ ಸ್ಪ್ರಿಂಗ್ ಮುಚ್ಚುತ್ತದೆ. ಆ ಎಂಜಿನ್ನುಗಳು ನಿಮಿಷಕ್ಕೆ ನೂರರ ಆಸುಪಾಸಿನಲ್ಲಿ ತಿರುಗುತ್ತವೆ. ಒಂದು ಸುತ್ತಿಗೆ 600 ಮಿಲಿಸೆಕೆಂಡ್ ಸಿಗುವಾಗ ವಾಲ್ವನ್ನು ಮೆತ್ತಗೆ ಕೂರಿಸಲು ಬೇಕಾದಷ್ಟು ಪುರುಸೊತ್ತಿದೆ. ರಸ್ತೆಯ ಕಡೆ ಸ್ವೀಡನ್ನಿನ ಫ್ರೀವಾಲ್ವ್ ತಂಡ ಗಾಳಿಯಿಂದ ತೆರೆದು ಎಣ್ಣೆಯಿಂದ ಹಿಡಿದು ತಡೆಯುವ ಚಾಲಕವನ್ನು ಮಾಡಿತು. 2016ರ ಗುವಾಂಗ್‌ಝೌ ವಾಹನ ಮೇಳದಲ್ಲಿ ಚೀನಾದ ಕೊರೋಸ್ ಕಾರಿನ 1.6 ಲೀಟರ್ ಎಂಜಿನ್ನಿನಲ್ಲಿ, 2020ರಲ್ಲಿ ಕೋನಿಗ್‌ಸೆಗ್ ಜೆಮೆರಾದ ಮೂರು ಸಿಲಿಂಡರಿನ, 600 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಅದನ್ನು ತೋರಿಸಲಾಯಿತು. ಸಾಮಾನ್ಯರ ಕಾರಿಗೆ ಅದು ಇಳಿದು ಬಂದಿಲ್ಲ. ಫಿಯಟ್ 2009ರಲ್ಲಿ ತಂದ ಮಲ್ಟಿಏರ್ ಜಾಣತನದ ಅರ್ಧದಾರಿ: ಕ್ಯಾಮ್ ಇದೆ, ಆದರೆ ಅದಕ್ಕೂ ಇನ್‌ಲೆಟ್ ವಾಲ್ವಿಗೂ ನಡುವೆ ಎಣ್ಣೆಯ ಕಂಬವಿದೆ, ಸೊಲೆನಾಯ್ಡ್ ಆ ಎಣ್ಣೆಯನ್ನು ಬಿಟ್ಟರೆ ವಾಲ್ವ್ ಬೇಗ ಮುಚ್ಚುತ್ತದೆ, ಕೂರುವಾಗ ಎಣ್ಣೆಯೇ ಬ್ರೇಕ್ ಆಗುತ್ತದೆ. ನಮ್ಮ ದೇಶದ ಓದುಗರಿಗೆ ಹತ್ತಿರದ ಉದಾಹರಣೆ ಬೇಕೆಂದರೆ 155 ಸಿಸಿ ಯಮಹಾ ಆರ್15ರಲ್ಲಿ 7,400 ಆರ್‌ಪಿಎಮ್‌ಗೆ ಇನ್‌ಲೆಟ್ ಕ್ಯಾಮನ್ನೇ ಬದಲಿಸಿಕೊಳ್ಳುವ ವಿವಿಎ (ವೇರಿಯೇಬಲ್ ವಾಲ್ವ್ ಆಕ್ಚುಯೇಷನ್) ಇದೆ. ಎರಡು ಉಬ್ಬು, ಒಂದು ಪಿನ್ನು, ಒಂದು ಸಣ್ಣ ಸೊಲೆನಾಯ್ಡ್: ಕ್ಯಾಮ್‌ರಹಿತ ವ್ಯವಸ್ಥೆ ಕೊಡುವ ಲಾಭದ ದೊಡ್ಡ ಪಾಲನ್ನು ಇಂಥ ಅಗ್ಗದ ಉಪಾಯಗಳು ಆಗಲೇ ಬಾಚಿಕೊಂಡಿವೆ ಎಂಬುದು ನನ್ನ ಅಭಿಪ್ರಾಯ.

ಮಲ್ಟಿಏರ್‌ನಿಂದ ನಾವೂ ಎಣ್ಣೆಯ ಬ್ರೇಕನ್ನು ಎರವಲು ಪಡೆದೆವು. ಆರ್ಮೇಚರ್ ದಂಡದ ಮೇಲ್ತುದಿಗೆ 10 ಮಿ.ಮೀ. ವ್ಯಾಸದ ಪುಟ್ಟ ಪಿಸ್ಟನ್ ಕೂರಿಸಿದೆವು. ಮುಚ್ಚುವ ಕೊನೆಯ 1 ಮಿ.ಮೀ.ನಲ್ಲಿ ಅದು ಎಣ್ಣೆ ತುಂಬಿದ ಕುಳಿಯನ್ನು ಹೊಕ್ಕು, ಎಣ್ಣೆ ಸಣ್ಣ ರಂಧ್ರದಿಂದ ಹಿಂಡಿಕೊಂಡು ಹೊರಬರಬೇಕು. ಕೂರುವ ವೇಗ 0.2 ಮೀಟರಿನ ಆಸುಪಾಸಿನಲ್ಲಿ ನೆಲೆ ನಿಂತಿತು, 0.4ರ ಏಟುಗಳು ಮಾಯವಾದವು. ಬದಲಿಗೆ ದಾಟುವ ಸಮಯ ಸುಮಾರು 1 ಮಿಲಿಸೆಕೆಂಡ್ ಹೆಚ್ಚಿತು. ಬೆಳಗಿನ ತಣ್ಣನೆಯ ಎಣ್ಣೆಯಲ್ಲಿ ಇನ್ನೂ ಹೆಚ್ಚು, ಕೆಲವೊಮ್ಮೆ ಕಾಂತ ಹಿಡಿಯುವಷ್ಟು ಹತ್ತಿರಕ್ಕೂ ಬಾರದು. ಈಗ ರಂಧ್ರವನ್ನು ಸೂಜಿ ಸ್ಕ್ರೂ ಹಾಕಿ ಹೊಂದಿಸಲು ಬರುವಂತೆ ಮಾಡಿಸುತ್ತಿದ್ದೇವೆ. ಆರ್ಮೇಚರಿನ ಅಂಚುಗಳಲ್ಲಿ ಕಾಂತಪ್ರವಾಹ ಕಡಿಮೆಯಿರುವ ಜಾಗದ ಉಕ್ಕನ್ನು ಕೆರೆದು ತೆಗೆದರೆ ಒಟ್ಟು ತೂಕ 75 ಗ್ರಾಂಗೆ ಇಳಿಯುವ ಅಂದಾಜಿದೆ. ಅದೇ ಸ್ಪ್ರಿಂಗಿನಲ್ಲಿ ದಾಟು 4.3 ಮಿಲಿಸೆಕೆಂಡಿಗೆ ಬರಬೇಕು. ತಟ್ಟೆ ಸದ್ಯ ಮಿಲ್ಲಿಂಗಿಗೆ ಹೋಗಿದೆ. ಎಕ್ಸಾಸ್ಟ್ ಬದಿಗೆ ಮಾತ್ರ ಮೂಲ ಕ್ಯಾಮನ್ನೇ ಮರಳಿ ಹಾಕಿದ್ದೇವೆ.